ಡಾಕ್ಟರ್ ಹೆರಿಕನ ಎರಡು ಲೇಖನಗಳು

೧

ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಒಂದು ರೋಗವನ್ನು ಮೊಟ್ಟಮೊದಲು ಗುರುತಿಸಿ ವರ್ಣಿಸಿದವನ ಹೆಸರು ಬಹುಕಾಲ ಉಳಿಯುವುದುಂಟು. ಆದರೆ ಎರಡೇ ವರ್ಷಗಳ ಅಂತರದಲ್ಲಿ, ಮೇಲುನೋಟಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ತೋರುವ ಎರಡು ರೋಗಗಳ ತಿಳಿವಳಿಕೆಗೆ ತಳಹದಿ ಹಾಕಿದ ವೈದ್ಯರು ಅತಿ ವಿರಳ. ಅಮೆರಿಕಾ ಸಂಯುಕ್ತ ಸಂಸ್ಥಾನದ ಶಿಕಾಗೋ ನಗರದಲ್ಲಿ ವೃತ್ತಿ ನಡೆಸುತ್ತಿದ್ದ ಜೇಮ್ಸ್ ಬ್ರಯನ್ ಹೆರಿಕ್ (೧೮೬೧–೧೯೫೪) ಅಂತಹ ವಿರಳರಲ್ಲೊಬ್ಬನು. ಅವನು ೧೯೧೦ನೆಯ ಇಸವಿ ನವೆಂಬರ್ ತಿಂಗಳಲ್ಲಿ ಪ್ರಕಟಿಸಿದ ಲೇಖನವು ಒಬ್ಬ ತರುಣನ ರಕ್ತದಲ್ಲಿ ಕಂಡುಬಂದ ಕುಡುಗೋಲಿನಾಕಾರದ ಕಣಗಳನ್ನು ಕುರಿತದ್ದು. ೧೯೧೨ನೆಯ ಇಸವಿ ಡಿಸೆಂಬರಿನಲ್ಲಿ ಪ್ರಕಟಿಸಿದ ಲೇಖನವು ಹೃದಯಕ್ಕೆ ರಕ್ತವನ್ನುಣಿಸುವ ಧಮನಿ ಹಠಾತ್ತಾಗಿ ಮುಚ್ಚಿಕೊಂಡಾಗ ತೋರುವ ಲಕ್ಷಣಗಳನ್ನು ಕುರಿತದ್ದು. ಮೊದಲನೆಯದರಿಂದ ಕುಡುಗೋಲು ಕಣ ರಕ್ತಹೀನತೆಯ ಚರಿತ್ರೆಯೂ, ಎರಡನೆಯದರಿಂದ ಇಂದು ಮನೆಮನೆಯಲ್ಲಿಯೂ ಕೇಳಿಬರುವ ಹೃದಯಾಘಾತದ ಚರಿತ್ರೆಯೂ ಆರಂಭವಾಗುತ್ತವೆಂದರೆ ತಪ್ಪಾಗದು.

ಈ ಎರಡು ರೋಗಗಳನ್ನು ಒಟ್ಟಿಗಿಟ್ಟು ನೋಡುವುದಕ್ಕೆ ಲೇಖಕನೊಬ್ಬನೇ ಎಂಬುದಷ್ಟೇ ಕಾರಣವಲ್ಲ. ಎರಡರಲ್ಲಿಯೂ ಕೊನೆಗೆ ನಡೆಯುವ ಅನಾಹುತ ಒಂದೇ: ರಕ್ತವು ಹರಿಯಬೇಕಾದ ಕಡೆಗೆ ಹರಿಯದೆ ನಿಲ್ಲುತ್ತದೆ; ಅದರಿಂದಾಚೆಗಿರುವ ಮಾಂಸವು ಉಸಿರಿಲ್ಲದೆ ಸಾಯುತ್ತದೆ. ಒಂದರಲ್ಲಿ ದೋಷವಿರುವುದು ಹರಿಯುವ ರಕ್ತದಲ್ಲಿ; ಇನ್ನೊಂದರಲ್ಲಿ ದೋಷವಿರುವುದು ಹರಿಸುವ ನಾಳದಲ್ಲಿ. ಕಾರಣ ಇಷ್ಟು ಭಿನ್ನವಾಗಿ, ಫಲ ಇಷ್ಟು ಸಮಾನವಾಗಿರುವಾಗ, ಲೋಕವು ಈ ಎರಡು ರೋಗಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿತೇ ಎಂಬ ಪ್ರಶ್ನೆಯೂ ಏಳುವುದು ಸಹಜ. ಆ ಪ್ರಶ್ನೆಗೆ ಉತ್ತರವು ಚರಿತ್ರೆಯಲ್ಲಿಯೇ ದೊರೆಯುತ್ತದೆ.

೨

ರಕ್ತವು ದೇಹದಲ್ಲಿ ಸುತ್ತಿ ಸುತ್ತಿ ಹರಿಯುತ್ತದೆಂದು ಇಂಗ್ಲೆಂಡಿನ ವಿಲಿಯಮ್ ಹಾರ್ವೆಯು ೧೬೨೮ರಲ್ಲಿ ಸಿದ್ಧಪಡಿಸಿದನು. ಧಮನಿಗಳಿಂದ ಸಿರೆಗಳಿಗೆ ರಕ್ತವು ದಾಟುವ ದಾರಿ ಯಾವುದೆಂಬುದು ಅವನ ಕಣ್ಣಿಗೆ ಕಾಣಲಿಲ್ಲ. ಇಟಲಿಯ ಮಾಲ್ಪೀಘಿಯು ೧೬೬೧ರಲ್ಲಿ ಸೂಕ್ಷ್ಮದರ್ಶಕದ ಸಹಾಯದಿಂದ ಕಪ್ಪೆಯ ಶ್ವಾಸಕೋಶದಲ್ಲಿ ಕೂದಲಿಗಿಂತಲೂ ಸಣ್ಣವಾದ ಲೋಮನಾಳಗಳನ್ನು ಕಂಡು ಆ ಕೊರತೆಯನ್ನು ತುಂಬಿದನು. ಕೆರೆಯ ನೀರು ದೊಡ್ಡ ಕಾಲುವೆಯಿಂದ ಕಿರುಗಾಲುವೆಗೂ, ಕಿರುಗಾಲುವೆಯಿಂದ ಪ್ರತಿಯೊಂದು ಪಾತಿಗೂ ಹರಿದು ಬೇರನ್ನು ಮುಟ್ಟುವಂತೆ, ಹೃದಯದಿಂದ ಹೊರಟ ರಕ್ತವು ಈ ಲೋಮನಾಳಗಳಲ್ಲಿ ಮಾತ್ರವೇ ಶರೀರದ ಕಣಕಣವನ್ನೂ ಮುಟ್ಟಿ ಆಮ್ಲಜನಕವನ್ನು ಒಪ್ಪಿಸುತ್ತದೆ.

ಆ ಆಮ್ಲಜನಕವನ್ನು ಹೊರುವವು ಕೆಂಪು ರಕ್ತಕಣಗಳು. ಆರೋಗ್ಯವಾದ ಕಣವು ನಡುವೆ ಎರಡು ಕಡೆಯೂ ತಗ್ಗಾದ ದುಂಡು ಬಿಲ್ಲೆಯಂತಿರುತ್ತದೆ. ಇದರ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಭಾಗದಷ್ಟು. ಅನೇಕ ಲೋಮನಾಳಗಳು ಇದಕ್ಕಿಂತಲೂ ಕಿರಿದು. ಆದಕಾರಣ ಕಣವು ಮಡಿಸಿಕೊಂಡು, ನುಲಿದುಕೊಂಡು, ಹಿಂಡಿಕೊಂಡು ಒಳಹೊಕ್ಕು ಆಚೆಗೆ ಹೋದ ಮೇಲೆ ಮತ್ತೆ ತನ್ನ ಆಕಾರವನ್ನು ತಾಳಬೇಕು. ಅಸ್ಥಿಮಜ್ಜೆಯಲ್ಲಿ ಹುಟ್ಟಿದ ಕಣವೊಂದು ಸುಮಾರು ೧೨೦ ದಿನಗಳವರೆಗೆ ಈ ಪ್ರಯಾಣವನ್ನು ನಡೆಸುತ್ತದೆ. ಅದರ ಮೃದುತ್ವವು ಕೆಟ್ಟಿತೆಂದರೆ ಪ್ರಯಾಣವೂ ಕೆಟ್ಟಿತು.

೩

ವೆಸ್ಟ್ ಇಂಡೀಸ್ ದ್ವೀಪಗಳಲ್ಲೊಂದಾದ ಗ್ರೆನೇಡದಿಂದ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ಆಫ್ರಿಕಾ ಮೂಲದ ತರುಣನು ದಂತವೈದ್ಯವನ್ನು ಕಲಿಯುವುದಕ್ಕಾಗಿ ೧೯೦೪ರಲ್ಲಿ ಶಿಕಾಗೋ ನಗರಕ್ಕೆ ಬಂದನು. ಆಗ ಅವನಿಗೆ ಇಪ್ಪತ್ತು ವರ್ಷ. ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಅವನು ಕೆಮ್ಮು, ಜ್ವರ, ಉಬ್ಬಸ, ಎದೆಬಡಿತ ಇವುಗಳಿಂದ ಬಳಲುತ್ತ ಅಲ್ಲಿನ ಪ್ರೆಸ್‌ಬಿಟೀರಿಯನ್ ಆಸ್ಪತ್ರೆಯನ್ನು ಸೇರಿದನು. ಕಣ್ಣುಗಳಲ್ಲಿ ಕಾಮಾಲೆಯ ಛಾಯೆಯಿತ್ತು. ಕಾಲಿನ ಮೇಲೆ ಹುಣ್ಣುಗಳೂ ಮಾಯ್ದ ಹುಣ್ಣುಗಳ ಕಲೆಗಳೂ ಇದ್ದವು. ಅರ್ನೆಸ್ಟ್ ಐರನ್ಸ್ ಎಂಬ ಕಿರಿಯ ವೈದ್ಯನು ಅವನ ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಲಾಗಿ, ದುಂಡು ಬಿಲ್ಲೆಗಳ ನಡುವೆ ಉದ್ದವಾಗಿ ಬಾಗಿ ಎರಡು ತುದಿಯೂ ಮೊನಚಾದ ಕಣಗಳು ಕಾಣಿಸಿದವು. ತನ್ನ ಹಿರಿಯನಾದ ಹೆರಿಕನಿಗೆ ಅವನು ಇದನ್ನು ತೋರಿಸಿದನು. ಅಂತಹುದನ್ನು ಇಬ್ಬರೂ ಎಂದೂ ಕಂಡವರಲ್ಲ.

ಹೆರಿಕನು ಆತುರಪಡಲಿಲ್ಲ. ಗಾಜಿನ ಮೇಲೆ ಸವರುವ ಕ್ರಮದಿಂದಲೇ ಇಂತಹ ಆಕಾರ ಬಂದಿರಬಹುದೇ ಎಂದು ಸಂಶಯಪಟ್ಟು ಪರೀಕ್ಷೆಗಳನ್ನು ಮತ್ತೆ ಮತ್ತೆ ಮಾಡಿಸಿದನು. ಮುಂದಿನ ಎರಡೂವರೆ ವರ್ಷಗಳಲ್ಲಿ ನೋಯೆಲನು ಹಲವು ಬಾರಿ ಕಾಯಿಲೆ ಬಿದ್ದು ಎದ್ದನು. ಆ ಅವಧಿಯಲ್ಲೆಲ್ಲ ವೈದ್ಯರು ಅವನ ಸ್ಥಿತಿಯನ್ನು ಗಮನಿಸುತ್ತ ಬಂದರು. ಕೊನೆಗೆ ಲೇಖನವು ಅಚ್ಚಾದಾಗ, ರೋಗದ ಮೂಲವೇನೆಂಬುದನ್ನು ಹೆರಿಕನು ನಿರ್ಧರಿಸಿ ಹೇಳಲಿಲ್ಲ. ಕೆಂಪು ಕಣದಲ್ಲಿಯೇ ಏನೋ ಒಂದು ಬದಲಾವಣೆ ಇದಕ್ಕೆ ಕಾರಣವಾಗಿರಬಹುದೆಂದು ಮಾತ್ರ ಸೂಚಿಸಿದನು. ಈ ಮಿತವಾದ ಸೂಚನೆಯೇ ಮುಂದೆ ನಿಜವಾಯಿತು.

ಲೇಖನದಲ್ಲಿ ರೋಗಿಯ ಹೆಸರಿರಲಿಲ್ಲ. ನೋಯೆಲನು ೧೯೦೭ರಲ್ಲಿ ಪದವಿಯನ್ನು ಪಡೆದು ಗ್ರೆನೇಡಕ್ಕೆ ಹಿಂದಿರುಗಿ, ರಾಜಧಾನಿಯಾದ ಸೇಂಟ್ ಜಾರ್ಜಸ್‌ನಲ್ಲಿ ದಂತವೈದ್ಯನಾಗಿ ಬಾಳಿದನು. ೧೯೧೬ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ನ್ಯುಮೋನಿಯದಿಂದ ತೀರಿಕೊಂಡನು. ವೈದ್ಯಲೋಕಕ್ಕೆ ಒಂದು ಹೊಸ ರೋಗವನ್ನು ತಿಳಿಯಪಡಿಸಿದ ಆ ರಕ್ತವು ಯಾರದೆಂಬುದನ್ನು ಚರಿತ್ರಕಾರರು ಶೋಧಿಸಿ ೧೯೮೯ರಲ್ಲಿ ಬೆಳಕಿಗೆ ತಂದರು.

ವೈದ್ಯರಿಗೆ ಹೊಸದಾದ ಈ ರೋಗವು ಜನರಿಗೆ ಹೊಸದಾಗಿರಲಿಲ್ಲ. ಪಶ್ಚಿಮ ಆಫ್ರಿಕದ ಹಲವು ನುಡಿಗಳಲ್ಲಿ ಕೈಕಾಲುಗಳ ಕೀಲುಗಳನ್ನು ಕೊರೆಯುವ, ಮಳೆಗಾಲದಲ್ಲಿ ಕೆರಳುವ, ಒಂದೇ ಮನೆತನದ ಮಕ್ಕಳನ್ನು ಕಾಡುವ ಬೇನೆಗೆ ಹಿಂದಿನಿಂದಲೂ ಹೆಸರುಗಳಿದ್ದವೆಂದು ಘಾನಾ ದೇಶದ ವೈದ್ಯನಾದ ಕೊನೊಟೆ-ಅಹುಲು ತೋರಿಸಿಕೊಟ್ಟಿದ್ದಾನೆ. ಸೂಕ್ಷ್ಮದರ್ಶಕವು ಕಂಡದ್ದನ್ನು ಅದಕ್ಕೂ ಮೊದಲೇ ತಾಯಂದಿರು ಕಂಡಿದ್ದರು.

೪

೧೯೨೨ರಲ್ಲಿ ವರ್ನ್ ಮೇಸನ್ ಎಂಬವನು ನಾಲ್ಕನೆಯ ರೋಗಿಯನ್ನು ವರ್ಣಿಸುತ್ತ ಈ ರೋಗಕ್ಕೆ ಕುಡುಗೋಲು ಕಣ ರಕ್ತಹೀನತೆಯೆಂಬ ಹೆಸರನ್ನಿಟ್ಟನು. ಹೆಸರು ಬಂದರೂ ಅರ್ಥ ಬರಲಿಲ್ಲ. ದುಂಡಗಿರುವ ಕಣವು ಯಾವಾಗ, ಏತಕ್ಕೆ ಬಾಗುತ್ತದೆ? ೧೯೨೭ರಲ್ಲಿ ಹಾನ್ ಮತ್ತು ಗಿಲೆಸ್ಪಿ ಎಂಬಿಬ್ಬರು ಇದಕ್ಕೆ ಉತ್ತರವನ್ನು ಕಂಡುಹಿಡಿದರು. ರೋಗಿಯ ರಕ್ತದಿಂದ ಆಮ್ಲಜನಕವನ್ನು ತೆಗೆದರೆ ಕಣಗಳು ಬಾಗುತ್ತಿದ್ದವು. ಮತ್ತೆ ಆಮ್ಲಜನಕವನ್ನು ಕೊಟ್ಟರೆ ದುಂಡಗಾಗುತ್ತಿದ್ದವು. ಹಾಗಾದರೆ ಆಮ್ಲಜನಕವನ್ನು ಹೊರುವ ಪದಾರ್ಥವಾದ ಹೀಮೋಗ್ಲೋಬಿನ್ನಿನಲ್ಲಿಯೇ ದೋಷವಿರಬೇಕಷ್ಟೆ? ಈ ಮುಂದಿನ ಹೆಜ್ಜೆಗೆ ಇಪ್ಪತ್ತೆರಡು ವರ್ಷ ಹಿಡಿಯಿತು.

೧೯೪೫ರಲ್ಲಿ ರಕ್ತಹೀನತೆಯ ವಿಷಯದಲ್ಲಿ ಹೆಸರಾದ ವಿಲಿಯಮ್ ಕ್ಯಾಸಲ್ ಎಂಬ ವೈದ್ಯನು ರಸಾಯನಶಾಸ್ತ್ರಜ್ಞನಾದ ಲೈನಸ್ ಪಾಲಿಂಗನೊಡನೆ ಮಾತನಾಡುತ್ತ ಈ ರೋಗದ ಪ್ರಸ್ತಾಪವನ್ನು ಮಾಡಿದನು. ಕೇಳಿದೊಡನೆ ಪಾಲಿಂಗನಿಗೆ ಇದು ಹೀಮೋಗ್ಲೋಬಿನ್ ಅಣುವಿನ ರೋಗವೇ ಆಗಿರಬೇಕೆಂದು ಹೊಳೆಯಿತು. ಪರೀಕ್ಷೆಯ ಹೊಣೆಯನ್ನು ಅವನು ಹಾರ್ವಿ ಇಟಾನೋ ಎಂಬ ತರುಣ ವೈದ್ಯನಿಗೊಪ್ಪಿಸಿದನು. ಇಟಾನೋ ಅಮೆರಿಕದಲ್ಲಿಯೇ ಹುಟ್ಟಿದ ಜಪಾನೀ ಮೂಲದವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೂಲವೊಂದನ್ನೇ ಅಪರಾಧವಾಗಿ ಎಣಿಸಿ ಸರ್ಕಾರವು ಅವನನ್ನೂ ಅವನ ಮನೆಯವರನ್ನೂ ಬಂಧನ ಶಿಬಿರದಲ್ಲಿಟ್ಟಿದ್ದಿತು. ಆರೋಗ್ಯವಂತರ ಹೀಮೋಗ್ಲೋಬಿನ್ನನ್ನೂ ರೋಗಿಗಳ ಹೀಮೋಗ್ಲೋಬಿನ್ನನ್ನೂ ವಿದ್ಯುತ್ ಕ್ಷೇತ್ರದಲ್ಲಿಟ್ಟು ನೋಡಲಾಗಿ, ಎರಡೂ ಬೇರೆ ಬೇರೆ ವೇಗದಲ್ಲಿ ಚಲಿಸಿದವು. ರೋಗವಿಲ್ಲದಿದ್ದರೂ ದೋಷವನ್ನು ವಂಶದಲ್ಲಿ ಹೊತ್ತವರ ರಕ್ತದಲ್ಲಿ ಎರಡು ಬಗೆಯ ಹೀಮೋಗ್ಲೋಬಿನ್ನೂ ಬೆರೆತಿದ್ದವು. ೧೯೪೯ರ ನವೆಂಬರಿನಲ್ಲಿ ಪಾಲಿಂಗ್, ಇಟಾನೋ, ಸಿಂಗರ್, ವೆಲ್ಸ್ ಎಂಬ ನಾಲ್ವರು ಈ ಫಲಿತಾಂಶವನ್ನು ಪ್ರಕಟಿಸಿದರು. ಒಂದು ರೋಗದ ಬೇರನ್ನು ಒಂದು ಅಣುವಿನಲ್ಲಿ ತೋರಿಸಿದ ಮೊದಲನೆಯ ಪ್ರಸಂಗವಿದು.

ಅದೇ ವರ್ಷ ಜೇಮ್ಸ್ ನೀಲನು ಈ ರೋಗವು ವಂಶದಲ್ಲಿ ಇಳಿಯುವ ರೀತಿಯನ್ನು ಖಚಿತಪಡಿಸಿದನು. ತಾಯಿತಂದೆಗಳಿಬ್ಬರೂ ದೋಷದ ಒಂದೊಂದು ಪಾಲನ್ನು ಹೊತ್ತವರಾದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲೊಂದರಷ್ಟು ರೋಗದ ಸಂಭವವಿದೆ. ೧೯೫೬–೫೭ರಲ್ಲಿ ಕೇಂಬ್ರಿಜ್ಜಿನ ವರ್ನನ್ ಇಂಗ್ರಮ್ ಎಂಬವನು ಅಣುವನ್ನು ಒಡೆದು ನೋಡಿ, ದೋಷವು ಎಷ್ಟು ಅಲ್ಪವಾದುದೆಂಬುದನ್ನು ತೋರಿಸಿದನು. ಹೀಮೋಗ್ಲೋಬಿನ್ನಿನ ಬೀಟಾ ಎಂಬ ಸರದಲ್ಲಿ ೧೪೬ ಅಮಿನೋ ಆಮ್ಲಗಳು ಮಣಿಗಳಂತೆ ಪೋಣಿಸಿಕೊಂಡಿವೆ. ಅವುಗಳಲ್ಲಿ ಆರನೆಯ ಮಣಿಯೊಂದು ಮಾತ್ರ ಬದಲಾಗಿದೆ. ಗ್ಲುಟಾಮಿಕ್ ಆಮ್ಲವಿರಬೇಕಾದ ಸ್ಥಾನದಲ್ಲಿ ವ್ಯಾಲೀನ್ ಕುಳಿತಿದೆ.

ಈ ಒಂದು ಮಣಿಯಿಂದ ಹೊರಟ ಅನರ್ಥಪರಂಪರೆ ಹೀಗಿದೆ. ಆಮ್ಲಜನಕವನ್ನು ಕೊಟ್ಟು ಬರಿದಾದ ಅಣುಗಳು ಒಂದಕ್ಕೊಂದು ಅಂಟಿಕೊಂಡು ನಾರಿನಂತಹ ಎಳೆಗಳಾಗುತ್ತವೆ. ಎಳೆಗಳು ಕಣವನ್ನು ಒಳಗಿನಿಂದ ಚಾಚಿ ಬಗ್ಗಿಸುತ್ತವೆ. ಬಿರುಸಾದ ಕಣವು ಲೋಮನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಬಂದ ಕಣಗಳು ತಡೆದು ನಿಂತು ಆಮ್ಲಜನಕವನ್ನು ಕಳೆದುಕೊಂಡು ತಾವೂ ಬಾಗುತ್ತವೆ. ಮೂಳೆ, ಶ್ವಾಸಕೋಶ, ಮೂತ್ರಪಿಂಡ, ಮೆದುಳು, ಎಲ್ಲಿ ಈ ತಡೆ ಉಂಟಾದರೂ ಅಲ್ಲಿ ಅಸಹ್ಯವಾದ ನೋವು, ಕೆಲವೊಮ್ಮೆ ಅಂಗನಾಶ. ಚಳಿ, ಜ್ವರ, ದೇಹದಲ್ಲಿ ನೀರಿನ ಕೊರತೆ ಇವು ಅದನ್ನು ಕೆರಳಿಸುತ್ತವೆ. ಮೇಲಿಂದ ಮೇಲೆ ಬಾಗಿದ ಕಣವು ೧೨೦ ದಿನ ಬಾಳದೆ ಹತ್ತಿಪ್ಪತ್ತು ದಿನಗಳಲ್ಲಿಯೇ ಒಡೆದುಹೋಗುತ್ತದೆ; ಅದರಿಂದ ರಕ್ತಹೀನತೆ, ಒಡೆದ ಕಣಗಳ ಬಣ್ಣದಿಂದ ಕಾಮಾಲೆ. ಗುಲ್ಮವು ಬಾಲ್ಯದಲ್ಲಿಯೇ ನಾಶವಾಗುವುದರಿಂದ ಸೋಂಕುಗಳನ್ನು ತಡೆಯುವ ಶಕ್ತಿ ಕುಗ್ಗುತ್ತದೆ. ಹೊರುವ ಕಣಗಳು ಕಡಮೆಯಾದುದರಿಂದ ಇದ್ದಷ್ಟನ್ನೇ ಬೇಗಬೇಗನೆ ಸುತ್ತಿಸಬೇಕಾಗಿ ಹೃದಯವು ಹಗಲಿರುಳೂ ಹೆಚ್ಚಾಗಿ ದುಡಿದು ಹಿಗ್ಗುತ್ತದೆ. ನೋಯೆಲನ ಉಬ್ಬಸ, ಎದೆಬಡಿತ, ಕಾಮಾಲೆ, ಕಾಲಿನ ಹುಣ್ಣು, ಕೊನೆಯ ನ್ಯುಮೋನಿಯ ಎಲ್ಲವೂ ಈ ಒಂದೇ ಸರಪಳಿಯ ಕೊಂಡಿಗಳು.

೫

ಅಮೆರಿಕದಲ್ಲಿ ಈ ರೋಗವು ಬಹುಮಟ್ಟಿಗೆ ಆಫ್ರಿಕಾ ಮೂಲದವರಲ್ಲಿ ಕಂಡುಬಂದುದರಿಂದ, ಇದು ಅವರ ‘ಜಾತಿಯ ರಕ್ತದ’ ದೋಷವೆಂಬ ಅಭಿಪ್ರಾಯವು ಬಹುಕಾಲ ಬೇರೂರಿತ್ತು. ಬಿಳಿಯರಲ್ಲಿ ರೋಗವು ಕಂಡರೆ ರೋಗನಿರ್ಣಯವನ್ನು ಸಂಶಯಿಸುವ ಬದಲು ಅವರ ವಂಶವನ್ನೇ ಸಂಶಯಿಸಿದ ವೈದ್ಯರೂ ಇದ್ದರು. ರೋಗದ ವಿವರಣೆಯು ಅವಮಾನದ ಸಾಧನವಾಗಿ ಪರಿಣಮಿಸಿತು.

ಈ ಭ್ರಮೆಯನ್ನು ಒಡೆದ ಸಂಗತಿಗಳಲ್ಲೊಂದು ಕರ್ಣಾಟಕದ ನೆರೆಯಲ್ಲಿಯೇ ದೊರೆತದ್ದು. ಕನ್ನಡಕ್ಕೆ ಸಮೀಪವಾದ ನುಡಿಗಳನ್ನಾಡುವ ಜನರೂ ನೆಲಸಿರುವ ನೀಲಗಿರಿ ಬೆಟ್ಟಗಳಲ್ಲಿ ಹರ್ಮನ್ ಲೇಮನ್, ಮೇರಿ ಕಟ್‌ಬುಷ್ ಎಂಬಿಬ್ಬರು ರಕ್ತಪರೀಕ್ಷೆಗಳನ್ನು ನಡೆಸಿ, ಅಲ್ಲಿನ ಕೆಲವು ಕಾಡುವಾಸಿ ಸಮುದಾಯಗಳಲ್ಲಿ ಕುಡುಗೋಲು ಕಣದ ಲಕ್ಷಣವು ಸಮೃದ್ಧವಾಗಿದೆಯೆಂದು ೧೯೫೨ರಲ್ಲಿ ಪ್ರಕಟಿಸಿದರು. ಮಧ್ಯಧರಾ ಸಮುದ್ರದ ತೀರದಲ್ಲಿಯೂ ಅರಬ್ ದೇಶಗಳಲ್ಲಿಯೂ ಇದು ಕಂಡುಬಂತು. ಇಷ್ಟು ದೂರದೂರದ ಜನರಿಗೆ ಸಮಾನವಾದುದೇನು? ಕೀನ್ಯಾ ದೇಶದಲ್ಲಿ ಬೆಳೆದ ಆಂತೊನಿ ಅಲಿಸನ್ನನು ೧೯೫೪ರಲ್ಲಿ ಇದಕ್ಕೆ ಉತ್ತರವನ್ನಿತ್ತನು: ಸಮಾನವಾದುದು ಜಾತಿಯಲ್ಲ, ಮಲೇರಿಯ. ದೋಷದ ಒಂದೇ ಪಾಲನ್ನು ಹೊತ್ತ ಮಗುವು ಕಠಿಣವಾದ ಮಲೇರಿಯದಿಂದ ಬಹುಮಟ್ಟಿಗೆ ಪಾರಾಗುತ್ತದೆ. ಸೊಳ್ಳೆಯ ನಾಡುಗಳಲ್ಲಿ ಅಂತಹ ಮಕ್ಕಳು ಹೆಚ್ಚಾಗಿ ಬದುಕಿ, ತಮ್ಮ ಮಕ್ಕಳಿಗೆ ಅದನ್ನು ಕೊಟ್ಟರು. ಎರಡು ಪಾಲೂ ಒಂದೇ ಮಗುವಿನಲ್ಲಿ ಕೂಡಿದಾಗ ಮಾತ್ರ ಆ ರಕ್ಷಣೆಗೆ ತೆರಬೇಕಾದ ಬೆಲೆಯು ರೋಗವಾಗಿ ತೋರುತ್ತದೆ. ಯಾವುದನ್ನು ಒಂದು ಜನಾಂಗದ ಕಳಂಕವೆಂದು ಎಣಿಸಿದ್ದರೋ ಅದು ವಾಸ್ತವವಾಗಿ ನೆಲಕ್ಕೂ ನೀರಿಗೂ ಜ್ವರಕ್ಕೂ ಮನುಷ್ಯನ ದೇಹವು ಕೊಟ್ಟ ಉತ್ತರವೆಂದು ಹೀಗೆ ತಿಳಿದುಬಂತು.

೬

ಇನ್ನು ಎರಡನೆಯ ಲೇಖನ. ದೇಹಕ್ಕೆಲ್ಲ ರಕ್ತವನ್ನು ಒತ್ತುವ ಹೃದಯವು ತನ್ನ ಕುಳಿಗಳಲ್ಲಿ ತುಂಬಿದ ರಕ್ತದಿಂದ ತಾನು ಉಣ್ಣಲಾರದು. ಅದರ ದಪ್ಪವಾದ ಗೋಡೆಗೆ ಆಹಾರವನ್ನು ಒಯ್ಯುವವು, ಮಹಾಧಮನಿಯ ಬುಡದಿಂದ ಹೊರಟು ಕಿರೀಟದಂತೆ ಹೃದಯವನ್ನು ಸುತ್ತುವರಿದ ಎರಡು ಧಮನಿಗಳು. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುವ ಈ ಮಾಂಸಕ್ಕೆ ವಿರಾಮವೆಂಬುದಿಲ್ಲವಾದುದರಿಂದ ರಕ್ತದ ಕೊರತೆಯನ್ನು ಸ್ವಲ್ಪ ಕಾಲವೂ ಅದು ತಾಳಲಾರದು.

ನಡೆಯುವಾಗ ಎದೆಯನ್ನು ಹಿಡಿದುಕೊಳ್ಳುವ, ನಿಂತರೆ ಬಿಟ್ಟುಹೋಗುವ ನೋವನ್ನು ಲಂಡನ್ನಿನ ವಿಲಿಯಮ್ ಹೆಬರ್ಡನ್ ೧೭೬೮ರಲ್ಲಿಯೇ ವರ್ಣಿಸಿದ್ದನು. ಕಿರೀಟ ಧಮನಿಗಳು ಗಡುಸಾಗಿ ಸುಣ್ಣಗಟ್ಟಿರುವುದನ್ನು ಶವಪರೀಕ್ಷೆಗಳಲ್ಲಿ ಅನೇಕರು ಕಂಡಿದ್ದರು. ಆದರೂ ಒಂದು ಸಿದ್ಧಾಂತವು ದಾರಿಗೆ ಅಡ್ಡವಾಗಿತ್ತು. ಜರ್ಮನಿಯ ಕೋನ್‌ಹೈಮನು ೧೮೮೧ರಲ್ಲಿ ನಾಯಿಗಳ ಕಿರೀಟ ಧಮನಿಯನ್ನು ಕಟ್ಟಿ ನೋಡಿದಾಗ, ಕೆಲವು ನಿಮಿಷಗಳಲ್ಲಿಯೇ ಹೃದಯವು ನಿಂತುಹೋಗಿತ್ತು. ಇದರಿಂದ, ಈ ಧಮನಿ ಮುಚ್ಚಿದರೆ ಸಾವು ಕ್ಷಣಮಾತ್ರದಲ್ಲಿ ನಿಶ್ಚಿತವೆಂದು ಪಂಡಿತರು ನಂಬಿದರು. ರೋಗಿಯು ಗಂಟೆಗಟ್ಟಲೆ ಬದುಕಿದ್ದರೆ ಅವನಿಗೆ ಬಂದದ್ದು ಇನ್ನೇನೋ ಎಂದು ಎಣಿಸುತ್ತಿದ್ದರು. ಎದೆಯ ಕೆಳಗಿನ ನೋವನ್ನು ಅಜೀರ್ಣವೆಂದು ಹೇಳಿಬಿಡುವುದು ಸಾಮಾನ್ಯವಾಗಿದ್ದಿತು.

ಹೆರಿಕನು ೧೯೧೨ರಲ್ಲಿ ವಿವರಿಸಿದ ರೋಗಿಯು ಐವತ್ತೈದು ವರ್ಷದವನು. ಆರೋಗ್ಯವಂತನೆಂದೇ ಎಲ್ಲರೂ ತಿಳಿದಿದ್ದರು. ಊಟವಾದ ಒಂದು ಗಂಟೆಯ ಮೇಲೆ ಎದೆಯ ಕೆಳಭಾಗದಲ್ಲಿ ಭಯಂಕರವಾದ ನೋವು ಹುಟ್ಟಿತು. ನಾಡಿ ಕ್ಷೀಣವಾಗಿ ವೇಗವಾಯಿತು, ಮೈ ತಣ್ಣಗಾಯಿತು, ಬುದ್ಧಿ ಮಾತ್ರ ತಿಳಿಯಾಗಿತ್ತು. ಸುಮಾರು ಐವತ್ತೆರಡು ಗಂಟೆಗಳ ಮೇಲೆ ಅವನು ಸತ್ತನು. ಶವಪರೀಕ್ಷೆಯಲ್ಲಿ ಎಡ ಕಿರೀಟ ಧಮನಿಯ ಮೊದಲಿನಲ್ಲಿಯೇ ರಕ್ತದ ಕರಣೆಯೊಂದು ದಾರಿಯನ್ನು ಸಂಪೂರ್ಣವಾಗಿ ಮುಚ್ಚಿದ್ದುದು ಕಂಡುಬಂತು. ಇದರಿಂದ ಹೆರಿಕನು ತೆಗೆದ ತೀರ್ಮಾನವು ಸರಳ, ಆದರೆ ಕ್ರಾಂತಿಕಾರಕ: ಧಮನಿಯು ಮುಚ್ಚಿದೊಡನೆ ಎಲ್ಲರೂ ಸಾಯುವುದಿಲ್ಲ, ಕೆಲವರು ದಿನಗಟ್ಟಲೆ ಬದುಕುತ್ತಾರೆ, ಕೆಲವರು ಚೇತರಿಸಿಕೊಳ್ಳುತ್ತಾರೆ, ಆದಕಾರಣ ರೋಗಿಯು ಬದುಕಿರುವಾಗಲೇ ಇದನ್ನು ಗುರುತಿಸಬಹುದು, ಗುರುತಿಸಬೇಕು. ಕೀವ್ ನಗರದ ಒಬ್ರಜ್‌ತ್ಸೋವ್, ಸ್ಟ್ರಝೆಸ್ಕೊ ಎಂಬಿಬ್ಬರು ೧೯೧೦ರಲ್ಲಿಯೇ ಇಂತಹ ವಿವರಣೆಯನ್ನು ಕೊಟ್ಟಿದ್ದರೆಂಬುದನ್ನೂ ಇಲ್ಲಿ ಹೇಳತಕ್ಕದ್ದು. ಆದರೆ ಈ ವಿಚಾರವನ್ನು ಬಿಡದೆ ಸಾರಿ ಸಾರಿ ವೈದ್ಯವರ್ಗದ ಮನಸ್ಸಿನಲ್ಲಿ ನಾಟಿಸಿದ ಯಶಸ್ಸು ಬಹುಮಟ್ಟಿಗೆ ಹೆರಿಕನದು.

ಯಶಸ್ಸು ಒಡನೆಯೇ ದೊರೆಯಲಿಲ್ಲ. ಅವನು ವೈದ್ಯರ ಸಭೆಯಲ್ಲಿ ಲೇಖನವನ್ನೋದಿದಾಗ ಕೇಳಿದವರು ಅದನ್ನು ಗಮನಿಸಲೇ ಇಲ್ಲವೆಂದು ಅವನೇ ಮುಂದೆ ನೆನೆದಿದ್ದಾನೆ. ಆರು ವರ್ಷಗಳ ತರುವಾಯ, ೧೯೧೮ರಲ್ಲಿ, ತನ್ನ ಸಹಾಯಕನಾದ ಫ್ರೆಡ್ ಸ್ಮಿತ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳನ್ನೂ, ಹಾಲೆಂಡಿನ ಐಂಥೋವನ್ ರೂಪಿಸಿದ್ದ ಹೃದಯದ ವಿದ್ಯುಲ್ಲೇಖ ಯಂತ್ರದ ರೇಖೆಗಳನ್ನೂ ಅವನು ಸಭೆಯ ಮುಂದಿಟ್ಟನು. ಕಿವಿಯಿಂದ ಕೇಳಿ ನಂಬದವರು ಕಣ್ಣಿನಿಂದ ಕಂಡು ನಂಬಿದರು.

೭

ಧಮನಿಯು ಮುಚ್ಚುವುದು ಹೇಗೆ? ಕಾಲುವೆಯಲ್ಲಿ ಹೂಳು ತುಂಬುವಂತೆ ಕೊಬ್ಬು ನಾಳದೊಳಗೆ ತುಂಬಿ ಕೊನೆಗೊಂದು ದಿನ ನೀರು ನಿಲ್ಲುತ್ತದೆಂದು ಸಾಮಾನ್ಯವಾಗಿ ತಿಳಿಯುವುದುಂಟು. ನಿಜಸ್ಥಿತಿಯು ಇದಕ್ಕಿಂತ ಸೂಕ್ಷ್ಮವಾದುದು. ಕೊಬ್ಬು ಸೇರುವುದು ನಾಳದ ಪೊಳ್ಳಿನಲ್ಲಲ್ಲ, ಗೋಡೆಯ ಒಳಪೊರೆಯ ಅಡಿಯಲ್ಲಿ. ರಷ್ಯದ ಅನಿಚ್‌ಕೋವನು ೧೯೧೩ರಲ್ಲಿ ಮೊಲಗಳಿಗೆ ಕೊಲೆಸ್ಟರಾಲನ್ನು ತಿನ್ನಿಸಿ ಈ ಬದಲಾವಣೆಯನ್ನು ಕೃತಕವಾಗಿ ಉಂಟುಮಾಡಿ ತೋರಿಸಿದನು. ರಕ್ತದ ಬಿಳಿಯ ಕಣಗಳು ಗೋಡೆಯನ್ನು ಹೊಕ್ಕು ಆ ಕೊಬ್ಬನ್ನು ನುಂಗಿ ಅಲ್ಲಿಯೇ ಸಾಯುತ್ತವೆ; ಅದರ ಮೇಲೆ ನಾರಿನ ಹೊದಿಕೆಯೊಂದು ಬೆಳೆಯುತ್ತದೆ. ಇದು ವರ್ಷಗಳ ಕಾಲ ನೋವಿಲ್ಲದೆ ನಡೆಯುವ ಕೆಲಸ. ಒಂದು ದಿನ ಹೊದಿಕೆಯು ಬಿರಿದು ಒಳಗಿನ ಪದಾರ್ಥವು ರಕ್ತಕ್ಕೆ ತಗುಲಿದರೆ, ದೇಹವು ಅದನ್ನು ಗಾಯವೆಂದೇ ಎಣಿಸುತ್ತದೆ. ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಗಳು ಒಟ್ಟುಗೂಡುತ್ತವೆ, ರಕ್ತವು ಹೆಪ್ಪುಗಟ್ಟುತ್ತದೆ. ಕೈ ಕೊಯ್ದುಕೊಂಡಾಗ ಪ್ರಾಣವನ್ನುಳಿಸುವ ಗುಣವೇ ಇಲ್ಲಿ ಕೆಲವು ನಿಮಿಷಗಳಲ್ಲಿ ಧಮನಿಯನ್ನು ಮುಚ್ಚಿ ಪ್ರಾಣಕ್ಕೆ ಎರವಾಗುತ್ತದೆ. ಅರ್ಧ ಗಂಟೆಯೊಳಗಾಗಿ ಹೃದಯದ ಮಾಂಸವು ಒಳಮೈಯಿಂದ ಸಾಯತೊಡಗಿ, ಕೆಲವು ಗಂಟೆಗಳಲ್ಲಿ ಆ ಸಾವು ಹೊರಮೈಗೆ ಹಬ್ಬುತ್ತದೆ.

ಈ ಕರಣೆಯು ಹೃದಯಾಘಾತದ ಕಾರಣವೋ ಅಥವಾ ಹೃದಯಾಘಾತವಾದ ಮೇಲೆ ಉಂಟಾಗುವ ಫಲವೋ ಎಂಬ ವಾದವು ಹೆರಿಕನು ಕಾಲವಾದ ಮೇಲೂ ನಿಲ್ಲಲಿಲ್ಲ. ೧೯೮೦ರಲ್ಲಿ ಡಿವುಡ್ ಎಂಬವನೂ ಅವನ ಸಂಗಡಿಗರೂ ನೋವು ಆರಂಭವಾದ ಮೊದಲ ಗಂಟೆಗಳಲ್ಲಿಯೇ ರೋಗಿಗಳ ಧಮನಿಗಳನ್ನು ಪರೀಕ್ಷಿಸಿ, ನಾಲ್ಕು ಗಂಟೆಗಳೊಳಗೆ ನೋಡಿದವರಲ್ಲಿ ನೂರಕ್ಕೆ ೮೭ ಮಂದಿಯಲ್ಲಿ ಧಮನಿಯು ಪೂರ್ಣವಾಗಿ ಮುಚ್ಚಿರುವುದನ್ನು ಕಂಡು ವಾದವನ್ನು ತೀರಿಸಿದರು. ಕರಣೆಯೇ ಕಾರಣವಾದರೆ ಅದನ್ನು ಕರಗಿಸಿದರೆ ಮಾಂಸವು ಉಳಿಯಬೇಕಷ್ಟೆ? ೧೯೮೬ರಲ್ಲಿ ಇಟಲಿಯಲ್ಲಿಯೂ, ೧೯೮೮ರಲ್ಲಿ ಹಲವು ದೇಶಗಳ ೧೭,೦೦೦ಕ್ಕಿಂತ ಹೆಚ್ಚು ರೋಗಿಗಳಲ್ಲಿಯೂ ನಡೆದ ಪರೀಕ್ಷೆಗಳು ಇದು ನಿಜವೆಂದು ತೋರಿಸಿದವು. ಎರಡನೆಯದರಲ್ಲಿ ಕೆಲವು ಕಾಸಿನ ಆಸ್ಪಿರಿನ್ ಮಾತ್ರೆಯೊಂದೇ ಸಾವನ್ನು ಸುಮಾರು ಕಾಲುಭಾಗದಷ್ಟು ತಗ್ಗಿಸಿತು. ಗ್ರುಂಟ್ಸಿಗ್ ಎಂಬ ವೈದ್ಯನು ೧೯೭೭ರಲ್ಲಿ ಜೂರಿಕ್ ನಗರದಲ್ಲಿ ಆರಂಭಿಸಿದ, ಧಮನಿಯೊಳಗೆ ಕಿರಿಯ ಬುಗ್ಗೆಯನ್ನು ತೂರಿಸಿ ಉಬ್ಬಿಸಿ ದಾರಿ ಬಿಡಿಸುವ ಕ್ರಮವು ಇಂದು ಊರೂರಿನ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ.

ಒಳ್ಳೆಯ ವಿಚಾರವೂ ಅತಿಯಾದರೆ ಕೆಡುಕಾಗುವುದಕ್ಕೆ ಈ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ಆಘಾತಗೊಂಡ ಹೃದಯಕ್ಕೆ ಕೆಲವು ದಿನಗಳ ಪೂರ್ಣ ವಿಶ್ರಾಂತಿ ಬೇಕೆಂದು ಹೆರಿಕನು ಹೇಳಿದ್ದನು. ಅವನ ತರುವಾಯದವರು ಇದನ್ನು ಆರು ವಾರಗಳ ಕಠಿಣವಾದ ಶಯ್ಯಾವಾಸವಾಗಿ ಮಾಡಿದರು. ಅಲುಗಾಡದೆ ಮಲಗಿದವರ ಕಾಲಿನ ಸಿರೆಗಳಲ್ಲಿ ರಕ್ತವು ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಹಾನಿಯಾಗುತ್ತಿದ್ದಿತು. ಲೆವಿನ್, ಲೌನ್ ಎಂಬ ವೈದ್ಯರು ೧೯೫೦ರ ದಶಕದ ಆರಂಭದಲ್ಲಿ ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಿ ಈ ರೂಢಿಯನ್ನು ಮುರಿದರು.

೮

ಎರಡು ಲೇಖನಗಳ ಮುಂದಿನ ಗತಿಯನ್ನು ಹೋಲಿಸಿದರೆ, ಮೊದಲೆತ್ತಿದ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ. ಹೃದಯದ ರೋಗವು ಅಧಿಕಾರದಲ್ಲಿದ್ದವರನ್ನೂ ಧನಿಕರನ್ನೂ ಬಿಡದೆ ಹಿಡಿಯಿತು. ಅಮೆರಿಕದ ಸರ್ಕಾರವು ೧೯೪೮ರಲ್ಲಿಯೇ ರಾಷ್ಟ್ರೀಯ ಹೃದಯ ಸಂಸ್ಥೆಯನ್ನು ಸ್ಥಾಪಿಸಿತು. ಅದೇ ವರ್ಷ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ೫,೨೦೯ ಸ್ತ್ರೀಪುರುಷರನ್ನು ದಶಕಗಳ ಕಾಲ ಗಮನಿಸುವ ಕಾರ್ಯವು ಆರಂಭವಾಗಿ, ರಕ್ತದ ಒತ್ತಡ, ಕೊಲೆಸ್ಟರಾಲ್, ಸಿಗರೇಟು ಇವು ಹೃದಯಕ್ಕೆ ಮಾರಕವೆಂಬುದು ತಿಳಿದುಬಂತು. ೧೯೫೫ರಲ್ಲಿ ಅಧ್ಯಕ್ಷ ಐಸೆನ್‌ಹೋವರನಿಗೆ ಹೃದಯಾಘಾತವಾದಾಗ ಅದರ ದಿನದಿನದ ವೃತ್ತಾಂತವು ಲೋಕದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು.

ಕುಡುಗೋಲು ಕಣ ರೋಗದ ಅಣುವಿನ ರಹಸ್ಯವು ಹೃದಯಾಘಾತದ ರಹಸ್ಯಕ್ಕಿಂತ ಮೊದಲೇ ಬಯಲಾಗಿದ್ದರೂ, ರೋಗಿಯ ಹಾಸಿಗೆಗೆ ಅದರಿಂದ ಬಂದ ಲಾಭವು ಬಹುಕಾಲ ಅಲ್ಪವಾಗಿಯೇ ಉಳಿಯಿತು. ಅದಕ್ಕಾಗಿ ಅಮೆರಿಕದಲ್ಲಿ ವಿಶೇಷವಾದ ಕಾಯಿದೆಯಾದದ್ದು ೧೯೭೨ರಲ್ಲಿ. ಪೆನಿಸಿಲಿನ್ನನ್ನು ಎಳೆಯ ಮಕ್ಕಳಿಗೆ ಮುಂಜಾಗ್ರತೆಯಾಗಿ ಕೊಟ್ಟರೆ ಅವರು ಮಾರಕವಾದ ಸೋಂಕಿನಿಂದ ಪಾರಾಗುತ್ತಾರೆಂದು ಸಿದ್ಧವಾದದ್ದು ೧೯೮೬ರಲ್ಲಿ. ಆ ಔಷಧವು ಬಳಕೆಗೆ ಬಂದು ಅಷ್ಟರಲ್ಲಿ ನಾಲ್ಕು ದಶಕಗಳೇ ಕಳೆದಿದ್ದವು. ಗರ್ಭದಲ್ಲಿರುವ ಶಿಶು ಬಳಸುವ ಬಗೆಯ ಹೀಮೋಗ್ಲೋಬಿನ್ ಬಾಗುವಿಕೆಯನ್ನು ತಡೆಯುತ್ತದೆಂಬ ಸುಳಿವನ್ನು ಜಾನೆಟ್ ವಾಟ್ಸನ್ ೧೯೪೮ರಲ್ಲಿಯೇ ಕೊಟ್ಟಿದ್ದಳು. ಆ ಹೀಮೋಗ್ಲೋಬಿನ್ನನ್ನು ಹೆಚ್ಚಿಸುವ ಹೈಡ್ರಾಕ್ಸಿಯೂರಿಯ ಎಂಬ ಔಷಧಕ್ಕೆ ಅಮೆರಿಕದಲ್ಲಿ ಈ ರೋಗಕ್ಕಾಗಿ ಸಮ್ಮತಿ ದೊರೆತದ್ದು ೧೯೯೮ರಲ್ಲಿ, ಎಂದರೆ ಹೆರಿಕನ ಲೇಖನವು ಅಚ್ಚಾದ ಎಂಬತ್ತೆಂಟು ವರ್ಷಗಳ ಮೇಲೆ. ೨೦೨೩ರ ಕೊನೆಯಲ್ಲಿ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆಗೆ ಸಮ್ಮತಿ ದೊರೆಯಿತು. ಅದರ ಬೆಲೆ ಅಮೆರಿಕದಲ್ಲಿ ಒಬ್ಬ ರೋಗಿಗೆ ಇಪ್ಪತ್ತು ಲಕ್ಷ ಡಾಲರಿಗೂ ಮೇಲೆ. ರೋಗಿಗಳಲ್ಲಿ ಬಹುಭಾಗದವರಿರುವುದು ಆಫ್ರಿಕದ ಹಳ್ಳಿಗಳಲ್ಲಿ, ಭಾರತದ ಕಾಡಂಚಿನ ಹಾಡಿಗಳಲ್ಲಿ. ಜ್ಞಾನಕ್ಕೂ ಅದರ ಫಲಕ್ಕೂ ನಡುವೆ ಇರುವ ಈ ದೂರವು ಶರೀರಶಾಸ್ತ್ರದ ವಿಷಯವಲ್ಲ, ಸಮಾಜದ ವಿಷಯ.

ಆ ದೂರವನ್ನು ಕಡಮೆ ಮಾಡುವ ಪ್ರಯತ್ನವೂ ನಡೆದಿದೆ. ಭಾರತ ಸರ್ಕಾರವು ೨೦೨೩ನೆಯ ಇಸವಿ ಜುಲೈ ೧ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ಕರ್ಣಾಟಕವೂ ಸೇರಿದಂತೆ ೧೭ ರಾಜ್ಯಗಳ ಏಳು ಕೋಟಿ ಜನರ ರಕ್ತವನ್ನು ಪರೀಕ್ಷಿಸುವ ಉದ್ದೇಶವಿದೆ. ೨೦೪೭ರೊಳಗಾಗಿ ರೋಗವನ್ನು ನಿವಾರಿಸಬೇಕೆಂಬುದು ಅದರ ಗುರಿ. ವಿವಾಹಕ್ಕೆ ಮುಂಚೆಯೇ ದೋಷದ ಪಾಲನ್ನು ಹೊತ್ತವರು ಯಾರೆಂದು ತಿಳಿದರೆ ನಾಲ್ಕರಲ್ಲೊಂದರ ಆ ಸಂಭವವನ್ನು ಮುಂಗಾಣಬಹುದು. ಆದರೆ ಅಮೆರಿಕದಲ್ಲಿ ನಡೆದಂತೆ ಪರೀಕ್ಷೆಯು ಕಳಂಕವನ್ನು ಹಚ್ಚುವ ಸಾಧನವಾಗದಂತೆ ಎಚ್ಚರವಹಿಸುವುದೂ ಅಷ್ಟೇ ಅವಶ್ಯಕ.

೯

ಎರಡನೆಯ ಲೇಖನದ ಪಾಠವು ಓದುಬಲ್ಲ ಕುಟುಂಬಗಳಿಗೆ ಇನ್ನೂ ಹತ್ತಿರದ್ದು. ದಕ್ಷಿಣ ಏಷ್ಯದ ಜನರಿಗೆ ಮೊದಲನೆಯ ಹೃದಯಾಘಾತವು ಇತರ ದೇಶದವರಿಗಿಂತ ಸರಾಸರಿ ಆರು ವರ್ಷ ಮುಂಚೆಯೇ ಬರುತ್ತದೆಂದು ೨೦೦೭ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿದೆ. ಊಟದ ಮೇಲೆ ಬಂದ ಎದೆನೋವನ್ನು ಅಜೀರ್ಣವೆಂದು, ವಾಯುವೆಂದು ತಿಳಿದು ಜೀರಿಗೆಯ ಕಷಾಯವನ್ನು ಕುಡಿಸಿ ಬೆಳಗಿನವರೆಗೆ ಕಾಯುವ ರೂಢಿಯು ಇಂದಿಗೂ ಅನೇಕ ಮನೆಗಳಲ್ಲಿದೆ. ಹೆರಿಕನು ಯಾವ ತಪ್ಪನ್ನು ವೈದ್ಯರಿಂದ ಬಿಡಿಸುವುದಕ್ಕಾಗಿ ಆರು ವರ್ಷ ಹೆಣಗಿದನೋ ಆ ತಪ್ಪೇ ಇದು. ಅವನ ಕಾಲದಲ್ಲಿ ರೋಗವನ್ನು ಗುರುತಿಸಿದರೂ ವೈದ್ಯನು ಮಾಡಬಹುದಾದುದು ಸ್ವಲ್ಪವೇ. ಈಗ ಮೊದಲನೆಯ ಗಂಟೆಯಲ್ಲಿಯೇ ಆಸ್ಪತ್ರೆಯನ್ನು ಸೇರಿದ ರೋಗಿಯ ಹೃದಯದ ಬಹುಭಾಗವನ್ನು ಉಳಿಸಬಹುದಾಗಿದೆ.

ನೋಯೆಲನ ವಿಷಯದಲ್ಲಿಯೂ ಹಾಗೆಯೇ. ಅವನು ಇಂದು ಹುಟ್ಟಿದ್ದರೆ, ಹಸುಳೆಯ ಹಿಮ್ಮಡಿಯಿಂದ ತೆಗೆದ ಒಂದು ತೊಟ್ಟು ರಕ್ತದಿಂದಲೇ ಅವನ ರೋಗವು ತಿಳಿಯುತ್ತಿದ್ದಿತು. ನ್ಯುಮೋನಿಯವನ್ನು ತಡೆಯುವ ಲಸಿಕೆಯೂ ಪೆನಿಸಿಲಿನ್ನೂ ಬಾಲ್ಯದಲ್ಲಿಯೇ ಅವನಿಗೆ ದೊರೆಯಬಹುದಾಗಿತ್ತು. ಅವು ದೊರೆಯದೆ ಹೋಗುವ ಮಕ್ಕಳು ಇರುವವರೆಗೆ ೧೯೧೦ರ ಆ ಲೇಖನವು ಮುಗಿದ ಚರಿತ್ರೆಯೆಂದು ಹೇಳುವಂತಿಲ್ಲ.